ಯಾವ ತಂಡಕ್ಕೆ ಹೋಗಲಿ, ತಾತ?

ನಿಮ್ಮಲ್ಲಿ ಹೆಚ್ಚಿನವರಿಗೆ ಬಾಸ್ಕೆಟ್‌ಬಾಲ್ ಆಟದ ಗೊಡವೆ ಇರಲಾರದು. ನಮ್ಮ ಸಂಘದ ವಾರ್ಷಿಕ ಕ್ರೀಡಾಕೂಟದಲ್ಲಿ ಹಗ್ಗಜಗ್ಗಾಟ, ಥ್ರೋಬಾಲ್, ಮಕ್ಕಳಿಗೆ ನಿಂಬೆಹಣ್ಣು–ಚಮಚದ ಓಟ, ಇವಿಷ್ಟೇ ತಾನೇ ನಡೆಯುವುದು? ಆದರೂ ಈ ಸಲ ಆ ಆಟದ ವಿಷಯವನ್ನೇ ನಿಮ್ಮ ಮುಂದಿಡುತ್ತಿದ್ದೇನೆ. ಅದಕ್ಕೆ ಕಾರಣ ನನ್ನ ಮೊಮ್ಮಗಳು.

ಹುಡುಗಿ ಹತ್ತನೆಯ ತರಗತಿ ಮುಗಿಸಿದ್ದಾಳೆ. ಐದು ಅಡಿ ಹತ್ತು ಅಂಗುಲ ಎತ್ತರ. ಅವಳ ಅಜ್ಜಿಗೆ ಇದೇ ಚಿಂತೆ, ಮುಂದೆ ಗಂಡು ಹುಡುಕುವುದು ಹೇಗೆ ಎಂದು. ಆದರೆ ಆ ಎತ್ತರವನ್ನು ನೋಡಿಯೇ ಮೂರು ಕಾಲೇಜಿನವರು ಅವಳನ್ನು ತಮ್ಮಲ್ಲಿಗೆ ಕರೆದಿದ್ದರು. ಒಂದು ಡೊಂಬಿವಲಿಯ ನಮ್ಮ ಮನೆಗೆ ಹತ್ತಿರದ್ದು. ಫೀಸು ಪೂರ್ತಿ ಮಾಫಿ, ಮೇಲಾಗಿ ವರ್ಷಕ್ಕೆ ಎರಡು ಜೊತೆ ಶೂ. ಎರಡನೆಯದು ಮುಂಬಯಿ ನಗರದೊಳಗಿನದು. ಕೋಚ್ ಒಳ್ಳೆಯವರೆಂದು ಹೆಸರಿದೆ, ಆದರೆ ಬೆಳಗಿನ ಜಾವದ ಲೋಕಲ್ ಹಿಡಿಯಬೇಕು, ಫೀಸಿನಲ್ಲಿ ಬಿಡಿಗಾಸಿನ ರಿಯಾಯಿತಿಯೂ ಇಲ್ಲ. ಮೂರನೆಯ ಕಾಲೇಜಿಗೆ ಅವಳ ಶಾಲೆಯ ಗೆಳತಿಯರೆಲ್ಲ ಹೊರಟು ನಿಂತಿದ್ದರು. ಹಾಳೆಯ ಮೇಲೆ ಮೂರರ ಹೆಸರನ್ನೂ ಬರೆದುಕೊಂಡು ಭಾನುವಾರ ಸಂಜೆ ನನ್ನೆದುರು ಬಂದು ಕೂತಳು.

“ತಾತ, ದೊಡ್ಡ ದೊಡ್ಡ ಆಟಗಾರರು ಏನು ನೋಡಿ ತಂಡ ಆರಿಸ್ಕೋತಾರೆ?”

ನಾನು ಬಾಯಿ ತೆರೆಯುವ ಮೊದಲೇ ನನ್ನ ಮಗ ಪೇಪರಿನಿಂದ ತಲೆಯೆತ್ತದೆ, “ದುಡ್ಡು ನೋಡಿ, ಇನ್ನೇನು?” ಎಂದ.

ನೀವೂ ಹಾಗೆಯೇ ಹೇಳುತ್ತಿದ್ದಿರಿ. ಆದರೆ ವಿಷಯ ಅಷ್ಟು ಸುಲಭವಿಲ್ಲ. ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಸಂಸ್ಥೆಯಾದ ಎನ್‌ಬಿಎಯಲ್ಲಿ ಒಂದು ಕಾಲಕ್ಕೆ ಆಟಗಾರನಿಗೆ ಆಯ್ಕೆಯೆಂಬುದೇ ಇರಲಿಲ್ಲ. ಕರಾರು ಮುಗಿದರೂ ಅವನು ಹಳೆಯ ತಂಡದ ಸ್ವತ್ತು. ಆಸ್ಕರ್ ರಾಬರ್ಟ್‌ಸನ್ ಎಂಬ ಮಹಾನ್ ಆಟಗಾರ 1970ರಲ್ಲಿ ಹೂಡಿದ ದಾವೆ 1976ರಲ್ಲಿ ರಾಜಿಯಾಗಿ ಆ ಕಟ್ಟು ಸಡಿಲವಾಯಿತು. 1988ರ ಹೊತ್ತಿಗೆ, ಸಾಕಷ್ಟು ವರ್ಷ ಆಡಿದವನು ಕರಾರು ಮುಗಿದ ಮೇಲೆ ತನಗಿಷ್ಟ ಬಂದ ಕಡೆ ಹೋಗಬಹುದೆಂದಾಯಿತು. ಅಷ್ಟರಲ್ಲಿ ಇನ್ನೊಂದು ಕಟ್ಟು ಬಂದಿತ್ತು. 1984–85ರ ಸಾಲಿನಿಂದ ತಂಡವೊಂದು ಸಂಬಳಕ್ಕೆ ಮಾಡಬಹುದಾದ ಒಟ್ಟು ಖರ್ಚಿಗೆ ಮಿತಿ ಹಾಕಿದರು. ಮೊದಲ ವರ್ಷ ಅದು 36 ಲಕ್ಷ ಡಾಲರ್. 1999ರಿಂದ ಒಬ್ಬೊಬ್ಬ ಆಟಗಾರನ ಸಂಬಳಕ್ಕೂ ಗರಿಷ್ಠ ಮಿತಿ ಬಂತು. ಇದರ ಪರಿಣಾಮ ನೋಡಿ: ಅತ್ಯುತ್ತಮ ಆಟಗಾರನಿಗೆ ಯಾವ ಊರಿನವರು ಕರೆದರೂ ಕೊಡುವುದು ಹೆಚ್ಚುಕಡಿಮೆ ಅಷ್ಟೇ. ಸಾಲದ್ದಕ್ಕೆ, ಈಗಿರುವ ತಂಡ ಮಾತ್ರ ಬೇರೆಯವರಿಗಿಂತ ಒಂದು ವರ್ಷ ಹೆಚ್ಚಿನ ಕರಾರನ್ನೂ ತುಸು ದೊಡ್ಡ ವಾರ್ಷಿಕ ಏರಿಕೆಯನ್ನೂ ಕೊಡಬಹುದೆಂದು ನಿಯಮವಿತ್ತು. ದುಡ್ಡೇ ಮುಖ್ಯವಾಗಿದ್ದರೆ ಎಲ್ಲರೂ ಇದ್ದಲ್ಲೇ ಇರಬೇಕಿತ್ತು. ಹಾಗಾಗಲಿಲ್ಲ.

ದುಡ್ಡಿನಿಂದಲೇ ಕೆಟ್ಟ ಸಂಬಂಧವೊಂದರ ಕಥೆಯನ್ನೂ ಹೇಳಬೇಕು. ಶಕೀಲ್ ಓನೀಲ್ ಹೆಸರು ಕೇಳಿರಬಹುದು, ಏಳಡಿ ಮೀರಿದ ಆನೆಯಂಥ ಆಳು. 1992ರಲ್ಲಿ ಒರ್ಲ್ಯಾಂಡೊ ತಂಡಕ್ಕೆ ಬಂದ, ಮೂರೇ ವರ್ಷದಲ್ಲಿ ಅವರನ್ನು ಫೈನಲ್ಸ್‌ಗೆ ಒಯ್ದ. 1996ರಲ್ಲಿ ಕರಾರು ಮುಗಿದಾಗ, ಅವನಿಗಿಂತ ಸಣ್ಣ ಹೆಸರಿನವರಿಗೆ ಬೇರೆ ತಂಡಗಳು 10 ಕೋಟಿ ಡಾಲರ್ ದಾಟಿ ಕೊಡುತ್ತಿದ್ದವು. ಒರ್ಲ್ಯಾಂಡೊದವರು ಮೊದಲು ಅದರ ಅರ್ಧದ ಆಸುಪಾಸಿನಲ್ಲಿ ಚೌಕಾಸಿಗೆ ಕೂತರು. ಅಷ್ಟರಲ್ಲಿ ಆ ಊರಿನ ಪತ್ರಿಕೆಯೊಂದು ಓದುಗರಿಗೆ ಪ್ರಶ್ನೆ ಹಾಕಿತು: ಏಳು ವರ್ಷಕ್ಕೆ 11.5 ಕೋಟಿ ಡಾಲರ್ ಕೊಡುವಷ್ಟು ಈತ ಯೋಗ್ಯನೇ? ಉತ್ತರ ಕೊಟ್ಟವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನ ‘ಇಲ್ಲ’ ಎಂದರು. ಆತ ಆಗ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಹೋಗಿದ್ದ, ಅಲ್ಲಿಂದಲೇ ಲಾಸ್ ಏಂಜಲೀಸ್ ಲೇಕರ್ಸ್ ಜೊತೆ ಏಳು ವರ್ಷಕ್ಕೆ 12 ಕೋಟಿಯ ಕರಾರಿಗೆ ಒಪ್ಪಿದ. ಕೊನೆಗೆ ಒರ್ಲ್ಯಾಂಡೊದವರೂ ಏರಿಸಿದ್ದರು. ಆದರೆ ಚೌಕಾಸಿ ಮಾಡಿ ಕೊಟ್ಟ ನೂರು ರೂಪಾಯಿಗೂ ಕರೆದು ಕೊಟ್ಟ ನೂರು ರೂಪಾಯಿಗೂ ವ್ಯತ್ಯಾಸವಿಲ್ಲವೇ? ಲೇಕರ್ಸ್ 2000, 2001, 2002 ಹೀಗೆ ಮೂರು ವರ್ಷ ಸಾಲಾಗಿ ಗೆದ್ದಿತು. ‘ಇಲ್ಲ’ ಎಂದವರು ಆ ಮೂರೂ ವರ್ಷ ಟೀವಿ ಮುಂದೆ ಕೂತು ಏನು ಅಂದುಕೊಂಡರೋ!

“ಹಾಗಾದ್ರೆ ಮರ್ಯಾದೆ,” ಎಂದಳು ಮೊಮ್ಮಗಳು, ಹಾಳೆಯ ಅಂಚಿನಲ್ಲಿ ಬರೆದುಕೊಂಡು.

ಮರ್ಯಾದೆಯೂ ಹೌದು, ಸ್ನೇಹವೂ ಹೌದು. ಲೆಬ್ರಾನ್ ಜೇಮ್ಸ್ 2010ರ ಜುಲೈ 8ರಂದು ಕ್ಲೀವ್‌ಲ್ಯಾಂಡ್ ಬಿಟ್ಟು ಮಿಯಾಮಿಗೆ ಹೋಗುವುದನ್ನು ಟೀವಿಯಲ್ಲಿ ಒಂದು ಕಾರ್ಯಕ್ರಮವನ್ನೇ ಮಾಡಿ ಸಾರಿದ. ಅದು ಅಧಿಕಪ್ರಸಂಗವೆಂದು ಆಗಲೂ ನನಗನಿಸಿತ್ತು, ಈಗಲೂ ಅನಿಸುತ್ತದೆ. ನ್ಯೂಯಾರ್ಕಿನವರು ಅವನನ್ನು ಸೆಳೆಯಲು ಹೆಸರಾಂತ ಟೀವಿ ಧಾರಾವಾಹಿಯೊಂದರ ನಾಯಕ–ನಾಯಕಿಯರನ್ನು ಕರೆಸಿ ವಿಡಿಯೋ ಚಿತ್ರ ಮಾಡಿದ್ದರಂತೆ. ಮಿಯಾಮಿಯ ಹಿರಿಯ ಪ್ಯಾಟ್ ರೈಲಿ ಮಾತ್ರ ಒಂದು ಚೀಲ ಒಯ್ದು ಮೇಜಿನ ಮೇಲೆ ಇಟ್ಟನಂತೆ. ಒಳಗಿದ್ದದ್ದು ತಾನು ಗೆದ್ದ ಚಾಂಪಿಯನ್ ಉಂಗುರಗಳು. ಎಷ್ಟು ಮಾತಾಡಿದರೂ ಅದರ ಸಮ ಬರದು. ಅಲ್ಲದೆ ಡ್ವೇನ್ ವೇಡ್, ಕ್ರಿಸ್ ಬಾಷ್ ಇಬ್ಬರೂ ಲೆಬ್ರಾನ್ ಜೊತೆ 2003ರಲ್ಲೇ ಎನ್‌ಬಿಎಗೆ ಬಂದವರು, 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಒಟ್ಟಿಗೆ ಚಿನ್ನ ಗೆದ್ದವರು. ಮೂವರೂ ಗರಿಷ್ಠ ಸಂಬಳದಲ್ಲಿ ಒಂದಿಷ್ಟು ಬಿಟ್ಟುಕೊಟ್ಟೇ ಒಂದೆಡೆ ಸೇರಿದರು. ಫ್ಲಾರಿಡಾದಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ ಎಂಬುದೂ ಲೆಕ್ಕಕ್ಕೆ ಬಂದಿರಬಹುದು, ಇರಲಿ. 2012, 2013ರಲ್ಲಿ ಗೆದ್ದರು.

ಇಷ್ಟಾದ ಮೇಲೆ 2014ರಲ್ಲಿ ಆತ ಮತ್ತೆ ಕ್ಲೀವ್‌ಲ್ಯಾಂಡಿಗೇ ಬಂದ. ಅವನು ಹುಟ್ಟಿ ಬೆಳೆದ ಆಕ್ರನ್ ಎಂಬ ಊರು ಅಲ್ಲಿಗೆ ಹತ್ತಿರ. ಅವನು ಹೋದಾಗ ಅವನ ಅಂಗಿಗಳನ್ನು ಬೀದಿಯಲ್ಲಿ ಸುಟ್ಟಿದ್ದ ಊರು ಅದು. 2016ರ ಫೈನಲ್ಸ್‌ನಲ್ಲಿ 1–3ರಿಂದ ಹಿಂದಿದ್ದು, ಆ ವರ್ಷ 73 ಪಂದ್ಯ ಗೆದ್ದಿದ್ದ ಗೋಲ್ಡನ್ ಸ್ಟೇಟ್ ತಂಡವನ್ನು ಸೋಲಿಸಿ ಆ ಊರಿಗೆ ಕಪ್ ತಂದುಕೊಟ್ಟ. ನಮ್ಮಲ್ಲಿ ಎಷ್ಟು ಜನ, ‘ನಿವೃತ್ತಿಯಾದ ಮೇಲೆ ಊರಿಗೆ ಹೋಗಿ ನೆಲೆಸುತ್ತೇವೆ’ ಎಂದು ಮೂವತ್ತು ವರ್ಷದಿಂದ ಹೇಳುತ್ತಾ ಇಲ್ಲೇ ಇದ್ದೇವೆ, ಲೆಕ್ಕ ಹಾಕಿ. ಆ ಪಟ್ಟಿಯಲ್ಲಿ ಮೊದಲನೆಯವನು ನಾನೇ.

ಸೊಸೆ ಅಡುಗೆಮನೆಯಿಂದಲೇ ಕೇಳಿಸಿಕೊಳ್ಳುತ್ತಿದ್ದಳು. “ಮಾವ, ಮನೆಯವರನ್ನ ಯಾರೂ ಕೇಳೋದೇ ಇಲ್ವಾ?” ಎಂದಳು. ಕೇಳುತ್ತಾರೆ. ಟಿಮ್ ಡಂಕನ್ ಎಂಬ ಮಿತಭಾಷಿ ಸ್ಯಾನ್ ಆಂಟೋನಿಯೋದಲ್ಲಿ ಆಡುತ್ತಿದ್ದ. 2000ದಲ್ಲಿ ಒರ್ಲ್ಯಾಂಡೊದವರು ಅವನನ್ನು ಕರೆಸಿ ರಾಜೋಪಚಾರ ಮಾಡಿದರು, ಅವನೂ ಹೆಚ್ಚುಕಡಿಮೆ ಒಲಿದಿದ್ದ. ತಂಡದ ವಿಮಾನದಲ್ಲಿ ಮನೆಯವರು ಬರಬಹುದೇ ಎಂದು ಕೇಳಿದಾಗ ಅಲ್ಲಿನ ಕೋಚ್ ‘ಇಲ್ಲ’ ಎಂದುಬಿಟ್ಟನೆಂದೂ, ಅಲ್ಲಿಗೆ ಮಾತು ಮುರಿಯಿತೆಂದೂ ಹೇಳುತ್ತಾರೆ. ಇತ್ತ ಹಿರಿಯ ಜೊತೆಗಾರ ಡೇವಿಡ್ ರಾಬಿನ್ಸನ್ ಹವಾಯಿಯಲ್ಲಿನ ರಜೆಯನ್ನು ಅರ್ಧಕ್ಕೆ ಬಿಟ್ಟು ಹಾರಿಬಂದು, ಇಲ್ಲೇ ಇರಪ್ಪಾ ಎಂದು ಕೂತ. ಡಂಕನ್ ಉಳಿದ, 19 ಋತುಗಳನ್ನೂ ಅಲ್ಲೇ ಆಡಿದ, ಐದು ಬಾರಿ ಚಾಂಪಿಯನ್ ಆದ. ಡಲ್ಲಾಸ್ ತಂಡದ ಜರ್ಮನ್ ಆಟಗಾರ ಡರ್ಕ್ ನೋವಿಟ್ಸ್ಕಿಯಂತೂ 2014ರಲ್ಲಿ ಬೇರೆಯವರು 9 ಕೋಟಿ 70 ಲಕ್ಷದಷ್ಟು ಕೊಡುತ್ತೇವೆಂದರೂ ಒಲ್ಲೆನೆಂದು, ಮೂರು ವರ್ಷಕ್ಕೆ ಎರಡೂವರೆ ಕೋಟಿಗೆ ಅದೇ ಊರಲ್ಲಿ ಉಳಿದ. ಉಳಿದ ಹಣದಲ್ಲಿ ಒಳ್ಳೆಯ ಜೊತೆಗಾರರನ್ನು ತನ್ನಿ ಎಂಬುದು ಅದರ ಅರ್ಥ. ನನ್ನ ಮಗ ಈ ಮಾತಿಗೆ ಪೇಪರ್ ಮಡಚಿಟ್ಟ.

ಮಾತುಕತೆ ಕೆಡುವ ಬಗೆಯೂ ಸ್ವಾರಸ್ಯವೇ. 2015ರಲ್ಲಿ ಲಾಮಾರ್ಕಸ್ ಆಲ್ಡ್ರಿಜ್‌ನನ್ನು ಒಲಿಸಲು ಲೇಕರ್ಸ್‌ನವರು ನಮ್ಮ ಊರು ಎಂಥದು, ಜಾಹೀರಾತು ಎಷ್ಟು ಸಿಗುತ್ತದೆ, ಸಿನಿಮಾ ಮಂದಿ ಎಷ್ಟು ಹತ್ತಿರ ಎಂದೆಲ್ಲ ಕೊರೆದರಂತೆ; ಆಟದ ವಿಷಯ ಎತ್ತಿದ್ದೇ ಕಡಿಮೆ. ಆತ ಬೇಸರಪಟ್ಟ ಸುದ್ದಿ ತಿಳಿದು ಮತ್ತೊಮ್ಮೆ ಕರೆದು ಆಟದ ಬಗ್ಗೆಯೇ ಮಾತಾಡಿದರು, ಅಷ್ಟರಲ್ಲಿ ಹೊತ್ತು ಮೀರಿತ್ತು. ಅದೇ ಬೇಸಿಗೆಯಲ್ಲಿ ಡಿಆಂಡ್ರೆ ಜೋರ್ಡಾನ್ ಡಲ್ಲಾಸ್‌ಗೆ ಬರುತ್ತೇನೆಂದು ಮಾತು ಕೊಟ್ಟಿದ್ದ. ಸಹಿ ಹಾಕುವ ದಿನ ಬರುವ ಮೊದಲು ಹಳೆಯ ತಂಡವಾದ ಕ್ಲಿಪರ್ಸ್‌ನ ಜೊತೆಗಾರರೂ ಕೋಚೂ ಹ್ಯೂಸ್ಟನ್ನಿನ ಅವನ ಮನೆಗೆ ನುಗ್ಗಿ, ಬಾಗಿಲಿಗೆ ಕುರ್ಚಿ ಅಡ್ಡವಿಟ್ಟ ಚಿತ್ರವನ್ನೂ ತಮಾಷೆಗೆ ಲೋಕಕ್ಕೆ ತೋರಿಸಿ, ನಡುರಾತ್ರಿ ಹನ್ನೆರಡು ಹೊಡೆಯುವವರೆಗೂ ಕೂತು ಸಹಿ ಹಾಕಿಸಿಕೊಂಡೇ ಎದ್ದರು. ತಾಂಬೂಲ ಒಂದು ಮನೆಯಲ್ಲಿ, ಧಾರೆ ಇನ್ನೊಂದು ಮನೆಯಲ್ಲಿ!

“ಇವೆಲ್ಲ ಗಂಡಸರ ಕಥೆ,” ಎಂದಳು ಮೊಮ್ಮಗಳು. ನ್ಯಾಯವಾದ ಮಾತು. ಅಮೆರಿಕದ ಹೆಂಗಸರ ಲೀಗಿನಲ್ಲಿ ಸಂಬಳ ಗಂಡಸರದರ ಹತ್ತಿರಕ್ಕೂ ಬರುತ್ತಿರಲಿಲ್ಲ. ಅಲ್ಲಿ ಜಗಳವಿದ್ದದ್ದು ವಿಮಾನದ ಸೀಟಿಗೆ. ಆರಡಿ ಮೀರಿದ ಆಟಗಾರ್ತಿಯರು ಪಂದ್ಯ ಮುಗಿಸಿ ಸಾಮಾನ್ಯ ವಿಮಾನದಲ್ಲಿ ಮೊಣಕಾಲು ಮಡಚಿ ಕೂತು ಊರೂರು ಸುತ್ತಬೇಕಿತ್ತು. 2021ರಲ್ಲಿ ನ್ಯೂಯಾರ್ಕ್ ಲಿಬರ್ಟಿ ತಂಡದ ಮಾಲೀಕರು ಗುಟ್ಟಾಗಿ ಬಾಡಿಗೆ ವಿಮಾನದಲ್ಲಿ ತಮ್ಮವರನ್ನು ಕರೆದೊಯ್ದರು. ಎಲ್ಲ ತಂಡಗಳಿಗೂ ಅದು ಸಾಧ್ಯವಿಲ್ಲದ್ದರಿಂದ ನಿಯಮಕ್ಕೆ ವಿರುದ್ಧವಾಯಿತೆಂದು ಐದು ಲಕ್ಷ ಡಾಲರ್ ದಂಡ ಬಿತ್ತು. ದಂಡ ಬಿದ್ದರೇನಂತೆ, ಆಟಗಾರ್ತಿಯರಿಗೆ ತಿಳಿಯಬೇಕಾದ್ದು ತಿಳಿಯಿತು. 2023ರಲ್ಲಿ ಲೀಗಿನ ಅತಿ ದೊಡ್ಡ ತಾರೆಗಳಲ್ಲೊಬ್ಬಳಾದ ಬ್ರಿಯಾನಾ ಸ್ಟೀವರ್ಟ್ ಸಿಯಾಟಲ್ ಬಿಟ್ಟು, ಸಿಗಬಹುದಾಗಿದ್ದಕ್ಕಿಂತ ಕಡಿಮೆ ಸಂಬಳಕ್ಕೆ, ಅದೇ ಲಿಬರ್ಟಿಗೆ ಬಂದಳು. ಎಲ್ಲರಿಗೂ ಬಾಡಿಗೆ ವಿಮಾನ ಆಗಬೇಕು, ಅದಕ್ಕೆ ತಾನೂ ಹಣ ಹಾಕುತ್ತೇನೆಂದು ಅವಳು ಹೇಳಿದ್ದಳು. 2024ರಲ್ಲಿ ಇಡೀ ಲೀಗಿಗೇ ಆ ಸೌಕರ್ಯ ಬಂತು. ಅದೇ ವರ್ಷ ಲಿಬರ್ಟಿ ಮೊದಲ ಸಲ ಚಾಂಪಿಯನ್ ಆಯಿತು.

ಇಷ್ಟು ಹೊತ್ತಿಗೆ ಕಾಫಿ ಬಂತು, ನಾನು ಹೇಳಲು ಇಷ್ಟವಿಲ್ಲದ ವಿಷಯವೂ ಬಂತು. “ತಾತ, ನೀವು ಯಾಕೆ ಬಂದ್ರಿ ಬೊಂಬಾಯಿಗೆ?”

ನಮ್ಮ ದೇಶದಲ್ಲಿ ಬಾಸ್ಕೆಟ್‌ಬಾಲ್ ಆಟಗಾರನನ್ನು ಸೆಳೆಯುವುದು ಉಂಗುರವೂ ಅಲ್ಲ, ಸಮುದ್ರತೀರವೂ ಅಲ್ಲ, ನೌಕರಿ. ರೈಲ್ವೆ, ಒಎನ್‌ಜಿಸಿ, ಇಂಡಿಯನ್ ಓವರ್‌ಸೀಸ್ ಬ್ಯಾಂಕ್, ಇವೇ ನಮ್ಮ ಲೇಕರ್ಸ್ ಮತ್ತು ಸ್ಪರ್ಸ್. ತಿಂಗಳ ಸಂಬಳ, ಪಿಂಚಣಿ, ಪಂದ್ಯಕ್ಕೆ ರಜೆ. ನಾನು ಹಾಸನದಲ್ಲಿ ಒಂದು ಸಣ್ಣ ಕ್ಲಬ್ಬಿಗೆ ಆಡುತ್ತಿದ್ದೆ. ಮಣ್ಣಿನ ಕೋರ್ಟು, ಮರದ ಬೋರ್ಡು. ಮಳೆ ಬಂದರೆ ಚೆಂಡು ಪುಟಿಯುತ್ತಿರಲಿಲ್ಲ. ನಮ್ಮ ಡ್ರಿಲ್ ಮೇಷ್ಟ್ರು ತಮ್ಮ ಸಂಬಳದಲ್ಲಿ ನಮಗೆ ಕ್ಯಾನ್ವಾಸ್ ಶೂ ಕೊಡಿಸುತ್ತಿದ್ದರು. 1978ರಲ್ಲಿ ಬೊಂಬಾಯಿಯ ಒಂದು ದೊಡ್ಡ ಕಚೇರಿಯಿಂದ ಗುಮಾಸ್ತೆಯ ಕೆಲಸಕ್ಕೆ ಕರೆ ಬಂತು, ಅವರ ತಂಡಕ್ಕೆ ಆಡಬೇಕೆಂಬ ಷರತ್ತಿನ ಮೇಲೆ. ಹತ್ತೇ ದಿನದಲ್ಲಿ ನಮ್ಮ ಕ್ಲಬ್ಬು ವರ್ಷವಿಡೀ ಕಾದಿದ್ದ ಟೂರ್ನಮೆಂಟ್ ಇತ್ತು. ಅಪ್ಪ ತೀರಿಕೊಂಡಿದ್ದರು, ಇಬ್ಬರು ತಂಗಿಯರಿದ್ದರು. ಹೊರಟುಬಿಟ್ಟೆ. ಬಸ್‌ಸ್ಟ್ಯಾಂಡಿಗೆ ಗೆಳೆಯರು ಬಂದರು, ಮೇಷ್ಟ್ರು ಬರಲಿಲ್ಲ. ಮೊದಲ ಸುತ್ತಿನಲ್ಲೇ ಸೋತೆವೆಂದು ಆಮೇಲೆ ಕಾಗದ ಬಂತು. ಮರುವರ್ಷ ದಸರೆಗೆ ಹೋದಾಗ ಅಂಜುತ್ತಲೇ ಅವರ ಮನೆಗೆ ಹೋದೆ. ಟೂರ್ನಮೆಂಟಿನ ಮಾತೇ ಎತ್ತಲಿಲ್ಲ. “ಅಲ್ಲಿ ಬೋರ್ಡು ಮರದ್ದೋ ಗಾಜಿನದ್ದೋ?” ಎಂದಷ್ಟೇ ಕೇಳಿದರು.

ಐದು ವರ್ಷ ಆಡಿದೆ. 1983ರಲ್ಲಿ ಚೆಂಡಿಗೆ ಹಾರಿ ಇಳಿದಾಗ ಬಲ ಮೊಣಕಾಲು ತಿರುಚಿತು. ಕಚೇರಿಯವರು ಮೊದಲ ವಾರ ಹಣ್ಣು ತಂದರು. ಮೂರು ತಿಂಗಳಾದರೂ ಓಡಲಾರೆನೆಂದು ಗೊತ್ತಾದಾಗ ನನ್ನನ್ನು ನೆಲಮಾಳಿಗೆಯ ರೆಕಾರ್ಡ್ ವಿಭಾಗಕ್ಕೆ ಹಾಕಿದರು. ಆಡಿದರೆ ಬಡ್ತಿ ಎಂದು ಬಾಯಿಮಾತಿನಲ್ಲಿ ಹೇಳಿದ್ದ ಅಧಿಕಾರಿ ವರ್ಗವಾಗಿ ಹೋಗಿದ್ದರು. ಹೊಸಬರು, “ಕಾಗದದಲ್ಲಿ ಎಲ್ಲಿದೆ?” ಎಂದರು. ಸರಿಯಾದ ಪ್ರಶ್ನೆಯೇ. ಕೆಲಸವೇನೋ ಉಳಿಯಿತು, ತಂಗಿಯರ ಮದುವೆಯೂ ಆಯಿತು, ಆ ಋಣವನ್ನು ಮರೆಯಬಾರದು. ಆದರೆ ಮೊಣಕಾಲಿನ ವಿಷಯ ಬಂದಾಗ ನನಗೆ ಕವಾಯ್ ಲೆನರ್ಡ್ ನೆನಪಾಗುತ್ತಾನೆ. ಸ್ಯಾನ್ ಆಂಟೋನಿಯೋ, ಅದೇ ಡಂಕನ್ ಉಳಿದುಕೊಂಡ ಒಳ್ಳೆಯ ತಂಡ, ಅವನ ತೊಡೆಯ ನೋವಿನ ವಿಷಯದಲ್ಲಿ ಅವನ ನಂಬಿಕೆ ಕಳೆದುಕೊಂಡಿತು. 2017–18ರಲ್ಲಿ ಒಂಬತ್ತೇ ಪಂದ್ಯ ಆಡಿ, ತನ್ನದೇ ವೈದ್ಯರ ಬಳಿ ಹೋಗಿ, ಕೊನೆಗೆ ತಂಡವನ್ನೇ ಬಿಟ್ಟ. ಟೊರಾಂಟೊದವರು 82 ಪಂದ್ಯಗಳಲ್ಲಿ 60ರಲ್ಲಷ್ಟೇ ಅವನನ್ನು ಆಡಿಸಿ, ಕಾಲನ್ನು ಕಾಪಾಡಿದರು. 2019ರಲ್ಲಿ ಚಾಂಪಿಯನ್ ಆದರು. ಅಷ್ಟು ಮಾಡಿದರೂ ಆತ ತನ್ನ ಊರಿನ ಕಡೆಯ ಲಾಸ್ ಏಂಜಲೀಸ್ ಕ್ಲಿಪರ್ಸ್‌ಗೆ ಹೋದ. ಅವನ ಜೊತೆಗೆಂದು ಪಾಲ್ ಜಾರ್ಜ್‌ನನ್ನು ತರಲು ಕ್ಲಿಪರ್ಸ್ ಬಿಟ್ಟುಕೊಟ್ಟವರಲ್ಲಿ ಶೇ ಗಿಲ್ಜಸ್–ಅಲೆಕ್ಸಾಂಡರ್ ಎಂಬ ಎಳೆಯ ಹುಡುಗನಿದ್ದ. ಆ ಹುಡುಗ 2025ರಲ್ಲಿ ಒಕ್ಲಹೋಮಾ ಸಿಟಿಯನ್ನು ಚಾಂಪಿಯನ್ ಮಾಡಿದ.

ನಾನು ಮೊಮ್ಮಗಳಿಗೆ ಹೇಳಿದ್ದು ಒಂದೇ: ಮೂವರಿಗೂ ಫೋನ್ ಮಾಡಿ, ಕಾಲು ಮುರಿದರೆ ಏನು ಮಾಡುತ್ತೀರೆಂದು ಕೇಳು.

ಕೇಳಿದಳು. ಮೊದಲನೆಯವರು, “ಅಪಶಕುನ ಯಾಕೆ ಆಡ್ತೀಯಮ್ಮಾ, ಶೂ ಸೈಜ್ ಹೇಳು” ಎಂದರಂತೆ. ಎರಡನೆಯ ಕಾಲೇಜಿನ ಕೋಚ್ ಸ್ವಲ್ಪ ಹೊತ್ತು ಸುಮ್ಮನಿದ್ದು, ಹೋದ ವರ್ಷ ಹಾಗಾದ ಹುಡುಗಿಯೊಬ್ಬಳ ವಿಷಯ ಹೇಳಿ, ಬೇಕಾದರೆ ಅವಳನ್ನೇ ಕೇಳು ಎಂದರು. ಮೂರನೆಯ ಕಡೆ ಫೋನ್ ಎತ್ತಲಿಲ್ಲ. ನನಗೆ ಉತ್ತರ ಸಿಕ್ಕಿತೆಂದುಕೊಂಡೆ. ಅವಳಿಗೆ ಸಿಕ್ಕಿರಲಿಲ್ಲ, ಮೂರು ಕಡೆಯೂ ಒಂದೊಂದು ದಿನ ಆಡಿ ನೋಡಿ ಬರುತ್ತೇನೆಂದು ಹೊರಟಳು.

ಎರಡನೆಯದರಿಂದ ಬಂದ ದಿನ ಮುಖ ಕೆಂಪಾಗಿತ್ತು. ಅಲ್ಲಿನ ದೊಡ್ಡ ಹುಡುಗಿಯೊಬ್ಬಳು ಇವಳು ಎಸೆದ ಚೆಂಡನ್ನು ನಾಲ್ಕು ಸಲ ಗಾಳಿಯಲ್ಲೇ ತಡೆದಳಂತೆ. ಅಜ್ಜಿ, “ಹಾಗಾದ್ರೆ ಅಲ್ಲಿಗೆ ಬೇಡ ಬಿಡು ಮಗಾ” ಎಂದಳು.

“ಅಲ್ಲಿಗೇ ಹೋಗ್ತೀನಿ ಅಜ್ಜಿ. ಅವರೆಲ್ಲ ನನಗಿಂತ ಚೆನ್ನಾಗಿ ಆಡ್ತಾರೆ.”

2016ರಲ್ಲಿ ಕೆವಿನ್ ಡ್ಯುರಾಂಟ್ ತನ್ನನ್ನು ಸೋಲಿಸಿದ ಗೋಲ್ಡನ್ ಸ್ಟೇಟ್ ತಂಡಕ್ಕೇ ಹೋಗಿ ಸೇರಿದಾಗ, ಬೆನ್ನುಮೂಳೆ ಇಲ್ಲದವನೆಂದು ಬೈದವರಲ್ಲಿ ನಾನೂ ಒಬ್ಬ. 3–1ರಿಂದ ಮುಂದಿದ್ದು ಸೋತ ಸರಣಿಯಾದ ಮೇಲೆ, ಸೋಲಿಸಿದವರ ಮನೆಗೇ ಹೋಗುವುದೆ? 2017, 2018ರಲ್ಲಿ ಅವರು ಗೆದ್ದಾಗಲೂ ನಾನು ಚಪ್ಪಾಳೆ ತಟ್ಟಲಿಲ್ಲ. ಅವನು ಬಲವಾದ ಕಡೆಗೆ ಹೋದನೆಂದಷ್ಟೇ ಕಂಡಿತ್ತು. ತನಗಿಂತ ಬಲ್ಲವರ ಜೊತೆ ಆಡಬೇಕೆಂಬ ಹಸಿವೂ ಅದರಲ್ಲಿದ್ದಿರಬಹುದೆಂದು ನನಗೆ ಆ ದಿನದವರೆಗೆ ಹೊಳೆದಿರಲಿಲ್ಲ.

ಶೂ ಹೋಯಿತು, ಫೀಸು ಮಾಫಿ ಹೋಯಿತು. ಈಗ ನಮ್ಮ ಮನೆಯಲ್ಲಿ ನಾಲ್ಕು ಗಂಟೆಗೇ ದೀಪ ಹೊತ್ತುತ್ತದೆ. ಅಜ್ಜಿ ಉಪ್ಪಿಟ್ಟಿನ ಡಬ್ಬಿ ಕಟ್ಟುತ್ತಾಳೆ. ‘ದುಡ್ಡು ನೋಡಿ, ಇನ್ನೇನು’ ಎಂದಿದ್ದ ನನ್ನ ಮಗ ಕತ್ತಲಲ್ಲೇ ಸ್ಕೂಟರ್ ತೆಗೆದು ಮಗಳನ್ನು ಸ್ಟೇಷನ್ನಿಗೆ ಬಿಟ್ಟುಬರುತ್ತಾನೆ. ರೈಲು ಹೊರಡುವವರೆಗೂ ನಿಲ್ಲುತ್ತಾನೆಂದು ಕಾಣುತ್ತದೆ, ಏಕೆಂದರೆ ಹಿಂತಿರುಗಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.